ಮೂರು ಡೊಮೈನು, ಒಂದು ಮೆನು: ಮೇಳದ ತಾಣಗಳನ್ನು ಜೋಡಿಸಿದ ಕಥೆ

ಕೆಲಸ ಹೇಳುವುದಕ್ಕೆ ಇಷ್ಟೇ: ಮೂರು ಜಾಲತಾಣಗಳ ನೆತ್ತಿಯಲ್ಲಿ ಒಂದೇ ಥರದ ಪಟ್ಟಿ, ಅಂದರೆ ಮೆನು, ಆ ಪಟ್ಟಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಲಿಂಕು. ಮಳೆಗಾಲದ ನಡುವೆ ಶುರು ಮಾಡಿದ್ದು, ಮುಗಿಯುವಾಗ ದೀಪಾವಳಿ ಹತ್ತಿರ ಬಂದಿತ್ತು. ಅದರಲ್ಲಿ ಲಿಂಕು ಬರೆಯಲು ಹಿಡಿದದ್ದು ಒಂದು ಮಧ್ಯಾಹ್ನ ಮಾತ್ರ. ಉಳಿದ ಸಮಯವೆಲ್ಲ ಎಲ್ಲಿ ಹೋಯಿತು ಅಂತ ಬರೆದಿಟ್ಟರೆ ಇದೇ ಕೆಲಸಕ್ಕೆ ಕೈ ಹಾಕುವ ಸಂಘ-ಸಂಸ್ಥೆಯವರಿಗೆ ಉಪಯೋಗವಾದೀತು.

ನಮ್ಮದು ಶಿರಸಿ ಕಡೆಯ ಒಂದು ಸಣ್ಣ ಯಕ್ಷಗಾನ ಟ್ರಸ್ಟ್. ತಾಣಗಳು ಮೂರು. ಮೇಳದ್ದು ಡಾಟ್ ಕಾಮ್: ತಿರುಗಾಟದ ಪಟ್ಟಿ, ಕಲಾವಿದರ ಪರಿಚಯ, ಆಟ ಆಡಿಸುವವರಿಗೆ ಬೇಕಾದ ಫೋನ್ ನಂಬರು. ಪ್ರಸಂಗ ಪುಸ್ತಕಗಳ ಮಾರಾಟಕ್ಕೆ ಡಾಟ್ ಇನ್. ಹಳೆಯ ತಾಳಮದ್ದಲೆ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿ ಹಾಕಿದ ಸಂಗ್ರಹಕ್ಕೆ ಡಾಟ್ ಆರ್ಗ್. ಯಾರೂ ಕೂತು ಯೋಜನೆ ಹಾಕಿ ಮೂರು ಮಾಡಿದ್ದಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರ ಉತ್ಸಾಹದಲ್ಲಿ ಹುಟ್ಟಿದವು. ಮೂರರ ಪುಟಗಳನ್ನೂ ಒಂದೇ ಹೋಸ್ಟಿಂಗಿಗೆ (ತಾಣದ ಕಡತ ಇಡುವ ಬಾಡಿಗೆ ಸರ್ವರಿಗೆ), ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಒಂದೇ ಮಲ್ಟಿಸೈಟ್ ಅಡಿಗೆ ಮೊದಲೇ ತಂದುಕೊಂಡಿದ್ದೆವು. ಮಲ್ಟಿಸೈಟ್ ಅಂದರೆ ಒಂದೇ ವರ್ಡ್‌ಪ್ರೆಸ್‌ನಲ್ಲಿ ಹಲವು ತಾಣ ನಡೆಸುವ ಏರ್ಪಾಡು. 2010ರಲ್ಲಿ 3.0 ಆವೃತ್ತಿಯಲ್ಲಿ ಬಂತು. ಒಂದೊಂದು ತಾಣಕ್ಕೂ ಬೇರೆ ಡೊಮೈನ್, ಅಂದರೆ ಬೇರೆ ವಿಳಾಸದ ಹೆಸರು, ಕೊಡುವ ಸೌಲಭ್ಯ 2016ರ 4.5ರಿಂದ ಅದರೊಳಗೇ ಇದೆ. ಅದಕ್ಕೆ ಪ್ರತ್ಯೇಕ ಪ್ಲಗಿನ್ (ಮೇಲಿಂದ ಸೇರಿಸುವ ಸಣ್ಣ ತಂತ್ರಾಂಶ) ಹಾಕಿ ಅಂತ ಹೇಳುವ ಹಳೆಯ ಬರಹಗಳನ್ನು ನಂಬಬೇಡಿ.

ಸಭೆಯಲ್ಲಿ ಮಾತು ತೆಗೆದವರು ನಮ್ಮ ಅಧ್ಯಕ್ಷರು. "ತಮಾ, ಆಟದ ಪಟ್ಟಿ ನೋಡಲೆ ಬಂದವಂಗೆ ನಮ್ಮಲ್ಲಿ ಪುಸ್ತಕ ಇದ್ದು ಹೇಳಿ ಗೊತ್ತೇ ಆಗ್ತಿಲ್ಲೆ. ಎಲ್ಲಾ ಒಂದೇ ಬದಿಗೆ ಸಿಗೂ ಹಾಂಗೆ ಮಾಡಲೆ ಬತ್ತಿಲ್ಯನಾ?" ಅಂದರು. ಮೂರನ್ನೂ ಒಂದೇ ಡೊಮೈನಿಗೆ ಸೇರಿಸಿಬಿಡೋಣ ಅಂತ ಖಜಾಂಚಿಗಳ ಅಭಿಪ್ರಾಯ, ಪ್ರತಿ ವರ್ಷ ಎರಡು ನವೀಕರಣದ ಖರ್ಚು ಉಳಿಯುತ್ತದೆ ಅಂತ. ತಾಂತ್ರಿಕವಾಗಿ ಅವರ ಮಾತೇ ಸರಿ. ಹೊಸದಾಗಿ ಶುರು ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ: ಒಂದೇ ಡೊಮೈನ್ ತೆಗೆದುಕೊಳ್ಳಿ, ಉಳಿದದ್ದಕ್ಕೆ ಅದೇ ಹೆಸರಿನ ಮೊದಲಿಗೆ ಒಂದು ಪದ ಸೇರಿಸಿದ ಉಪಡೊಮೈನ್ ಸಾಕು. ನಮಗೆ ಆ ದಾರಿ ಇರಲಿಲ್ಲ. ಡಾಟ್ ಇನ್ ವಿಳಾಸ ಅಷ್ಟೂ ಪುಸ್ತಕಗಳ ಹಿಂಬದಿ ರಕ್ಷಾಪುಟದಲ್ಲಿ ಅಚ್ಚಾಗಿತ್ತು. ಡಾಟ್ ಆರ್ಗ್ ವಿಳಾಸವನ್ನು ಸಂಶೋಧನೆ ಮಾಡುವ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳ ಅಡಿಟಿಪ್ಪಣಿಯಲ್ಲಿ ಹಾಕಿಕೊಂಡಿದ್ದರು. ಮೂರೂ ಉಳಿಯಲಿ, ನಡುವೆ ದಾರಿ ಮಾಡೋಣ ಅಂತ ತೀರ್ಮಾನವಾಯಿತು. ಮೇಳ ತಿರುಗಾಟಕ್ಕೆ ಹೊರಡುವ ಮೊದಲು ಮುಗಿಯಬೇಕು ಎಂಬುದು ಒಂದೇ ಷರತ್ತು. ನವೆಂಬರ್ ನಂತರ ಆಟದ ಪಟ್ಟಿ ನೋಡಲು ಬರುವವರ ಸಂಖ್ಯೆ ಏರುತ್ತದೆ, ಆಗ ತಾಣ ಮುಟ್ಟುವ ಧೈರ್ಯ ಯಾರಿಗೂ ಇಲ್ಲ.

ಮೊದಲ ತೊಡಕು ಕಂಪ್ಯೂಟರಿನದ್ದೇ ಅಲ್ಲ. ಸಂಗ್ರಹದ ಪುಟಗಳು ನಮ್ಮ ಹೋಸ್ಟಿಂಗಿನಲ್ಲಿ ಒಂದು ತಾತ್ಕಾಲಿಕ ವಿಳಾಸದಲ್ಲಿ ಇದ್ದವು, ನಿಜವಾದ ಡಾಟ್ ಆರ್ಗ್ ಡೊಮೈನ್ ಮಾತ್ರ ಇನ್ನೂ ಹಳೆಯ ಸರ್ವರಿನ ಕಡೆಗೇ ಮುಖ ಮಾಡಿತ್ತು. ಅದನ್ನು ತಿರುಗಿಸಬೇಕಾದರೆ ಡೊಮೈನ್ ನೋಂದಾಯಿಸಿಕೊಡುವ ಕಂಪನಿಯ (ರಿಜಿಸ್ಟ್ರಾರ್) ಖಾತೆಗೆ ಲಾಗಿನ್ ಆಗಬೇಕು. ಖಾತೆ ಇದ್ದದ್ದು ಆ ತಾಣವನ್ನು ಪ್ರೀತಿಯಿಂದ ಕಟ್ಟಿಕೊಟ್ಟ ಹುಡುಗನ ಹೆಸರಲ್ಲಿ. ಆತ ಈಗ ಕೆನಡಾದಲ್ಲಿ. ಸಂದೇಶ ಕಳಿಸಿದ ಕೂಡಲೇ ಉತ್ತರ ಕೊಟ್ಟ, ಪಾಸ್‌ವರ್ಡೂ ಕೊಟ್ಟ. ಪಾಸ್‌ವರ್ಡ್ ಹಾಕಿದ ಮೇಲೆ ಒಟಿಪಿ ಕೇಳಿತು. ಒಟಿಪಿ ಹೋಗುತ್ತಿದ್ದದ್ದು ಆತ ಊರು ಬಿಡುವಾಗ ಕೈಬಿಟ್ಟಿದ್ದ ಹಳೆಯ ಸಿಮ್‌ಗೆ. ಆ ನಂಬರು ಈಗ ಯಾರ ಜೇಬಿನಲ್ಲಿದೆಯೋ.

ಅಲ್ಲಿಂದ ಶುರುವಾಯಿತು ಕಾಗದಪತ್ರದ ತಿರುಗಾಟ. ರಿಜಿಸ್ಟ್ರಾರ್ ಕಡೆಯವರು ಕೇಳಿದ್ದು ಆತನ ಗುರುತಿನ ಚೀಟಿ, ಡೊಮೈನನ್ನು ಟ್ರಸ್ಟಿಗೆ ಬಿಟ್ಟುಕೊಡುತ್ತೇನೆ ಎಂಬ ಸಹಿ ಹಾಕಿದ ಪತ್ರ, ಟ್ರಸ್ಟ್ ಡೀಡ್, ಟ್ರಸ್ಟಿನ ಪ್ಯಾನ್, ಯಾರಿಗೆ ಅಧಿಕಾರ ಕೊಟ್ಟಿದ್ದೇವೆ ಎಂಬ ಠರಾವು, ಅದೂ ಲೆಟರ್‌ಹೆಡ್ಡಿನಲ್ಲಿ, ಸೀಲು ಸಮೇತ. ಠರಾವಿಗೆ ಸಭೆ ಬೇಕು. ಸಭೆಗೆ ಕೋರಂ ಬೇಕು. ಗದ್ದೆ ನಾಟಿಯ ಸಮಯದಲ್ಲಿ, ತೋಟಕ್ಕೆ ಮದ್ದು ಹೊಡೆಯುವವರು ಮಳೆ ಬಿಡುವುದನ್ನೇ ಕಾಯುತ್ತಿರುವಾಗ, ಐದು ಜನ ಟ್ರಸ್ಟಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ನೋಡಿ, ಆಗ ಗೊತ್ತಾಗುತ್ತದೆ. ಅಂತೂ ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದರೆ ತಿರಸ್ಕೃತವಾಗಿ ಬಂತು. ಡೀಡಿನಲ್ಲಿ ಟ್ರಸ್ಟಿನ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದು ಥರ, ಪ್ಯಾನ್ ಕಾರ್ಡಿನಲ್ಲಿ ಒಂದು 'ಎಚ್' ಹೆಚ್ಚು. ಎರಡೂ ಒಂದೇ ಸಂಸ್ಥೆ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಮತ್ತೆ ಕಳಿಸಿದೆವು. ನಂತರ ಬಂದ ಉತ್ತರ: ನಿಮ್ಮ ಮನವಿ ಪರಿಶೀಲನೆಯಲ್ಲಿದೆ. ಇದೇ ಸಾಲು ಮತ್ತೆ ಮತ್ತೆ.

ಆ ದಿನಗಳಲ್ಲಿ ನನಗಿದ್ದ ಹೆದರಿಕೆ ಬೇರೆಯೇ. ಡೊಮೈನಿನ ಅವಧಿ ಮುಗಿಯುವ ದಿನಾಂಕ ಯಾರು ಬೇಕಾದರೂ ಡೊಮೈನ್ ನೋಂದಣಿಯ ಸಾರ್ವಜನಿಕ ದಾಖಲೆಯಲ್ಲಿ ಹುಡುಕಿ ನೋಡಬಹುದು. ನಮ್ಮದು ಹತ್ತಿರ ಬರುತ್ತಿತ್ತು. ಡಾಟ್ ಆರ್ಗ್, ಡಾಟ್ ಕಾಮ್‌ನಂಥವು ಅವಧಿ ಮುಗಿದ ಕೂಡಲೇ ಕೈತಪ್ಪುವುದಿಲ್ಲ. ರಿಜಿಸ್ಟ್ರಾರ್ ಕೊಡುವ ರಿಯಾಯಿತಿ ದಿನಗಳು ಕಳೆದು ಡೊಮೈನ್ ಅಳಿಸಿಹೋದ ಮೇಲೂ ಮೂಲ ಮಾಲೀಕರಿಗೆ ಬಿಡಿಸಿಕೊಳ್ಳಲು 30 ದಿನಗಳ ರಿಡೆಂಪ್ಶನ್ ಅವಧಿ ಇರುತ್ತದೆ. ಆದರೆ ಆಗ ಕೇಳುವ ದಂಡ ಮಾಮೂಲಿ ನವೀಕರಣದ ಎಷ್ಟೋ ಪಟ್ಟು. ಅದಕ್ಕೂ ಮೊದಲೇ ತಾಣ ಮುಚ್ಚಿಹೋಗಿರುತ್ತದೆ ಅನ್ನುವುದು ಬೇರೆ ಮಾತು. ಕೊನೆಗೆ ಅವಧಿ ಮುಗಿಯುವ ಮುಂಚೆಯೇ ಖಾತೆ ನಮ್ಮ ಕೈಗೆ ಬಂತು. ಲಾಗಿನ್ ಆದ ತಕ್ಷಣ ಮಾಡಿದ ಮೊದಲ ಕೆಲಸ ನವೀಕರಣ, ಎರಡನೆಯದು ಟ್ರಸ್ಟಿನ ಕಚೇರಿಯ ಇಮೇಲನ್ನೂ ಫೋನನ್ನೂ ಅಲ್ಲಿ ಹಾಕಿದ್ದು.

ಇಲ್ಲಿ ಒಂದು ಮಾತು. ಡೊಮೈನನ್ನು ಬೇರೆ ರಿಜಿಸ್ಟ್ರಾರಿಗೆ ವರ್ಗಾಯಿಸದೆ ಏನೂ ಆಗುವುದಿಲ್ಲ ಅಂತ ಕೆಲವರು ಹೆದರಿಸುತ್ತಾರೆ. ಬೇಕಿಲ್ಲ. ಮೂರು ಡೊಮೈನ್ ಮೂರು ಕಡೆ ನೋಂದಣಿಯಾಗಿದ್ದರೂ ಎಲ್ಲವನ್ನೂ ಒಂದೇ ಸರ್ವರಿಗೆ ತಿರುಗಿಸಬಹುದು. ವಿಳಾಸದ ದಾಖಲೆ, ಅಂದರೆ 'ಎ ರೆಕಾರ್ಡ್' ಒಂದನ್ನು ಬದಲಿಸಿದರೆ ಸಾಕು. ಹೋಸ್ಟಿಂಗಿನ ಸಹಾಯವಾಣಿಯವರು ನೇಮ್‌ಸರ್ವರನ್ನೇ, ಅಂದರೆ ಡೊಮೈನಿನ ದಾಖಲೆಗಳನ್ನೆಲ್ಲ ಇಡುವ ಸರ್ವರನ್ನೇ, ಬದಲಿಸಿ ಅಂದರು. ಅದು ಅವರಿಗೆ ಸುಲಭ. ಆದರೆ ನೇಮ್‌ಸರ್ವರ್ ಬದಲಾದರೆ ಆ ಡೊಮೈನಿನ ಇಮೇಲ್ ದಾಖಲೆಗಳೂ ಹೊಸ ಕಡೆ ಇಲ್ಲದೆ ಮೇಲ್ ಬರುವುದು ನಿಲ್ಲುತ್ತದೆ. ಸಂಗ್ರಹದ ವಿಳಾಸಕ್ಕೆ ಹಿರಿಯ ಅರ್ಥಧಾರಿಗಳ (ತಾಳಮದ್ದಲೆಯಲ್ಲಿ ಮಾತಾಡುವವರ) ಮನೆಯವರು ಧ್ವನಿಮುದ್ರಣ ಕಳಿಸುತ್ತಿರುತ್ತಾರೆ, ಅದು ನಿಂತರೆ ನಮಗೆ ತಿಳಿಯುವುದೂ ಇಲ್ಲ. ಹಾಗಾಗಿ ಎ ರೆಕಾರ್ಡ್ ಮಾತ್ರ ಮುಟ್ಟಿದೆ. ಮುಟ್ಟುವ ಮೊದಲು ಇದ್ದ ದಾಖಲೆಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಟಿಟಿಎಲ್ ಎಂಬ ಅಂಕಿ 86400 ಇತ್ತು, ಅಷ್ಟು ಸೆಕೆಂಡ್ ಅಂದರೆ ಪೂರ್ತಿ ಒಂದು ದಿನ ಜಗತ್ತು ಹಳೆಯ ವಿಳಾಸವನ್ನೇ ನೆನಪಿಟ್ಟುಕೊಳ್ಳಬಹುದು. ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಿಟ್ಟಿದ್ದರಿಂದ ಬದಲಾವಣೆಯ ರಾತ್ರಿ ಐದತ್ತು ನಿಮಿಷದಲ್ಲಿ ಹೊಸ ಸರ್ವರಿನ ಪುಟ ಕಂಡಿತು.

ಕಂಡದ್ದು ಕೆಂಪು ಎಚ್ಚರಿಕೆಯ ಜೊತೆಗೆ. ಎಚ್‌ಟಿಟಿಪಿಎಸ್‌ಗೆ, ಅಂದರೆ ಸುರಕ್ಷಿತ ಸಂಪರ್ಕಕ್ಕೆ, ಬೇಕಾದ ಪ್ರಮಾಣಪತ್ರ ಇನ್ನೂ ಬಂದಿರಲಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯದು ಉಚಿತ, ಅವಧಿ ಮುಗಿಯುವ ಮುನ್ನ ತಾನೇ ನವೀಕರಣವಾಗುವಂತೆ ಹೋಸ್ಟಿಂಗಿನಲ್ಲಿ ವ್ಯವಸ್ಥೆ ಇರುತ್ತದೆ. ಆದರೆ ಸಾಮಾನ್ಯ ಬಗೆಯಲ್ಲಿ ಅದನ್ನು ಕೊಡುವ ಮುನ್ನ ಡೊಮೈನ್ ನಿಜವಾಗಿಯೂ ಈ ಸರ್ವರಿಗೆ ಬರುತ್ತಿದೆಯೇ ಅಂತ ಪರೀಕ್ಷೆ ನಡೆಯುತ್ತದೆ. ಆದ್ದರಿಂದ ತಿರುಗಿಸಿದ ಮೇಲೆಯೇ ಪ್ರಮಾಣಪತ್ರ, ನಡುವೆ ಸ್ವಲ್ಪ ಹೊತ್ತು ಎಚ್ಚರಿಕೆ. ರಾತ್ರಿ ಮಾಡಿ ಅಂತ ಹೇಳುವುದು ಇದಕ್ಕೆ. ಇನ್ನೊಂದು ಸೂಕ್ಷ್ಮ: ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸಕ್ಕೂ ಇಲ್ಲದ ವಿಳಾಸಕ್ಕೂ ಪ್ರಮಾಣಪತ್ರದಲ್ಲಿ ಹೆಸರು ಇರಬೇಕು. ಒಂದರಿಂದ ಇನ್ನೊಂದಕ್ಕೆ ರಿಡೈರೆಕ್ಟ್ (ತಾನಾಗಿ ಕಳಿಸುವ ಏರ್ಪಾಡು) ಇದೆಯಲ್ಲ, ಒಂದಕ್ಕೆ ಸಾಕು ಅನ್ನಿಸುತ್ತದೆ. ಬ್ರೌಸರ್ ಮೊದಲು ಪ್ರಮಾಣಪತ್ರ ನೋಡಿ ಆಮೇಲೆ ರಿಡೈರೆಕ್ಟ್ ಓದುತ್ತದೆ, ಆದ್ದರಿಂದ ಎಚ್ಚರಿಕೆ ಮೊದಲೇ ಬಂದುಬಿಡುತ್ತದೆ. ಮೂರು ಡೊಮೈನ್ ಅಂದರೆ ಆರು ಹೆಸರು. ಆರನ್ನೂ ಒಂದೊಂದಾಗಿ ಮೊಬೈಲಿನಲ್ಲಿ ಟೈಪ್ ಮಾಡಿ ನೋಡಿಕೊಳ್ಳಿ.

ಇಷ್ಟಾದ ಮೇಲೆ ಲಿಂಕು ಬರೆಯುವ ಮಧ್ಯಾಹ್ನ ಬಂತು.

ಮಲ್ಟಿಸೈಟ್‌ನಲ್ಲಿ ಪ್ರತಿ ತಾಣಕ್ಕೂ ತನ್ನದೇ ಮೆನು. ಸುಲಭದ ದಾರಿ: ಮೂರೂ ಕಡೆ ಹೋಗಿ ಮೆನುವಿನಲ್ಲಿ 'ಕಸ್ಟಮ್ ಲಿಂಕ್' ಸೇರಿಸಿ ಪೂರ್ತಿ ವಿಳಾಸ ಕೊಡುವುದು. ಹದಿನೈದು ನಿಮಿಷದ ಕೆಲಸ. ತಾಣಗಳು ಎರಡೇ ಇದ್ದು, ಲಿಂಕುಗಳು ಬದಲಾಗುವುದೇ ಇಲ್ಲ ಅಂತಾದರೆ ಅಷ್ಟೇ ಮಾಡಿ ಮುಗಿಸಿ, ಮುಂದಿನದು ನಿಮಗೆ ಬೇಕಿಲ್ಲ. ನಮ್ಮಲ್ಲಿ ಹಾಗಿಲ್ಲ. ಹೊಸ ಪ್ರಸಂಗ ಪುಸ್ತಕ ಬಂದಾಗ, ಮಳೆಗಾಲದ ತರಬೇತಿ ಶಿಬಿರ ಶುರುವಾದಾಗ ಪಟ್ಟಿಯಲ್ಲಿ ಒಂದು ಹೆಸರು ಸೇರುತ್ತದೆ, ಆಮೇಲೆ ಹೋಗುತ್ತದೆ. ಮೂರು ಕಡೆ ಬದಲಿಸುವ ವ್ಯವಸ್ಥೆ ಆರು ತಿಂಗಳಲ್ಲಿ ಮೂರು ಬೇರೆ ಬೇರೆ ಮೆನುಗಳಾಗಿ ನಿಲ್ಲುತ್ತದೆ. ಆದ್ದರಿಂದ ಮೆನು ಮೇಳದ ತಾಣದಲ್ಲಿ ಒಂದೇ ಕಡೆ ಇರಲಿ, ಉಳಿದ ಎರಡು ಅಲ್ಲಿಂದ ಎಳೆದು ತೋರಿಸಲಿ ಅಂತ ಮಾಡಿದೆ. ವರ್ಡ್‌ಪ್ರೆಸ್‌ನಲ್ಲಿ 'ಸ್ವಿಚ್ ಟು ಬ್ಲಾಗ್' ಎಂಬ ಆಜ್ಞೆ ಕೊಟ್ಟರೆ ತಾತ್ಕಾಲಿಕವಾಗಿ ಇನ್ನೊಂದು ತಾಣದ ದತ್ತಾಂಶ ಓದಬಹುದು. ಮೆನು ಓದಿಯಾದ ಮೇಲೆ 'ರಿಸ್ಟೋರ್ ಕರೆಂಟ್ ಬ್ಲಾಗ್' ಕೊಡುವುದು ಕಡ್ಡಾಯ, ಇಲ್ಲವಾದರೆ ಪಟ್ಟಿಯ ಕೆಳಗಿನ ಪುಟವೂ ಆ ತಾಣದ್ದೇ ಅಂದುಕೊಂಡು ಪುಸ್ತಕದಂಗಡಿಯಲ್ಲಿ ಆಟದ ಪಟ್ಟಿ ಕಾಣಿಸಲು ಶುರುವಾಗುತ್ತದೆ.

ಈ ಕೋಡನ್ನು ಥೀಮಿನೊಳಗೆ (ತಾಣದ ರೂಪ ನಿರ್ಧರಿಸುವ ಕಡತಗಳೊಳಗೆ) ಹಾಕಬೇಡಿ, ಥೀಮ್ ಅಪ್‌ಡೇಟ್ ಆದಾಗ ಹೋಗುತ್ತದೆ. 'ಮಸ್ಟ್ ಯೂಸ್' ಪ್ಲಗಿನ್‌ಗಳ ಫೋಲ್ಡರಿನಲ್ಲಿ ಒಂದು ಕಡತವಾಗಿ ಇಟ್ಟರೆ ಮೂರೂ ತಾಣಗಳಲ್ಲಿ ತಾನಾಗಿ ಓಡುತ್ತದೆ, ಯಾರೂ ಮರೆತು ನಿಷ್ಕ್ರಿಯಗೊಳಿಸಲು ಬರುವುದಿಲ್ಲ. ಪುಟದ ಮೇಲ್ತುದಿಗೆ ಬರಲು 'ಬಾಡಿ ಓಪನ್' ಎಂಬ ಕೊಕ್ಕೆ, ಅಂದರೆ ನಮ್ಮ ಕೋಡನ್ನು ತಗುಲಿಸುವ ಜಾಗ, ಬಳಸಿದೆ. ಮೇಳದಲ್ಲೂ ಅಂಗಡಿಯಲ್ಲೂ ಪಟ್ಟಿ ಬಂತು, ಸಂಗ್ರಹದಲ್ಲಿ ಬರಲೇ ಇಲ್ಲ. ಹುಡುಕಿದರೆ ಆ ಕೊಕ್ಕೆ ವರ್ಡ್‌ಪ್ರೆಸ್ಸಿಗೆ ಬಂದದ್ದು 2019ರ 5.2ರಲ್ಲಿ, ಸಂಗ್ರಹದ ಥೀಮ್ ಅದಕ್ಕಿಂತ ಹಳೆಯದು, ಅದರಲ್ಲಿ ಆ ಕರೆಯೇ ಇಲ್ಲ. ಚೈಲ್ಡ್ ಥೀಮ್ (ಮೂಲ ಥೀಮಿಗೆ ಕೈ ಹಚ್ಚದೆ ಅದರ ಮೇಲೆ ಕಟ್ಟುವ ಥೀಮ್) ಮಾಡಿ ಒಂದು ಸಾಲು ಸೇರಿಸಿದ ಮೇಲೆ ಅಲ್ಲೂ ಮೂಡಿತು.

ವರ್ಡ್‌ಪ್ರೆಸ್ ಬಳಸದವರಿಗೂ ಅನ್ವಯಿಸುವ ಒಂದು ನಿಯಮ: ಡೊಮೈನ್ ದಾಟುವ ಲಿಂಕು ಎಚ್‌ಟಿಟಿಪಿಎಸ್‌ನಿಂದಲೇ ಶುರುವಾಗಬೇಕು. ಓರೆಗೆರೆಯಿಂದ (/) ಶುರುವಾಗುವ ಚಿಕ್ಕ ವಿಳಾಸ ಕೊಟ್ಟರೆ ಓದುಗ ಯಾವ ಡೊಮೈನಿನಲ್ಲಿದ್ದಾನೋ ಅಲ್ಲೇ ಆ ಪುಟವನ್ನು ಹುಡುಕುತ್ತದೆ. ಡಬ್ಲ್ಯುಡಬ್ಲ್ಯುಡಬ್ಲ್ಯುನಿಂದ ಶುರು ಮಾಡಿ ಬರೆದರೂ ಬ್ರೌಸರ್ ಅದನ್ನು ಇದೇ ತಾಣದ ಒಳಪುಟ ಅಂತಲೇ ತಿಳಿಯುತ್ತದೆ, ಸಿಗುವುದು 404, ಅಂದರೆ 'ಪುಟ ಸಿಗಲಿಲ್ಲ'.

ಪಟ್ಟಿ ಬಂದ ಸಂತೋಷ ಸಂಜೆಯವರೆಗೆ ಇತ್ತು. ಮೊದಲ ದೂರು ಅಕ್ಷರದ್ದು. ಮೇಳದ ತಾಣದಲ್ಲಿ ಅಚ್ಚುಕಟ್ಟಾಗಿ ಕಾಣುವ ಕನ್ನಡ ಉಳಿದ ಎರಡರಲ್ಲಿ ಸಪ್ಪೆಯಾಗಿ, ವಿಂಡೋಸ್‌ನಲ್ಲಿ ನಿರ್ಮಲ ಯುಐ ಅಕ್ಷರದಲ್ಲಿ ಕಾಣುತ್ತಿತ್ತು. ಪಟ್ಟಿಯ ಫಾಂಟ್ ಕಡತ ಇದ್ದದ್ದು ಮೇಳದ ಡೊಮೈನಿನಲ್ಲಿ. ಚಿತ್ರವನ್ನು ಬೇರೆ ಡೊಮೈನಿನಿಂದ ತಂದು ತೋರಿಸಲು ಬ್ರೌಸರಿನ ತಕರಾರಿಲ್ಲ, ಫಾಂಟಿಗೆ ಮಾತ್ರ ಆ ಸರ್ವರಿನ ಒಪ್ಪಿಗೆ ಬೇಕು, ಸಿಒಆರ್‌ಎಸ್ ಅನ್ನುತ್ತಾರಲ್ಲ, ಅದು. ಕಡತಗಳೆಲ್ಲ ಒಂದೇ ಯಂತ್ರದ ಒಂದೇ ಫೋಲ್ಡರಿನಲ್ಲಿದ್ದರೂ ಬ್ರೌಸರಿಗೆ ಅದು ಲೆಕ್ಕಕ್ಕಿಲ್ಲ. ಒಲೆ ಒಂದೇ ಇದ್ದರೂ ರೇಷನ್ ಕಾರ್ಡು ಮೂರಿದ್ದರೆ ಸರ್ಕಾರಕ್ಕೆ ಮೂರು ಮನೆ ತಾನೆ? ಸರ್ವರ್ ಸೆಟ್ಟಿಂಗಿನಲ್ಲಿ ಫಾಂಟ್ ಕಡತಗಳಿಗೆ ಒಪ್ಪಿಗೆಯ ಹೆಡರ್ ಹಾಕಿಸಿದೆ. ಇಂಗ್ಲಿಷ್ ತಾಣಗಳಲ್ಲಿ ಇದು ಎಷ್ಟೋ ಕಾಲ ಕಣ್ಣಿಗೇ ಬೀಳುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರದ ಗಾತ್ರ, ಸಾಲಿನ ಎತ್ತರ ಎಲ್ಲ ಬದಲಾಗಿ ಪಟ್ಟಿಯೇ ಕುಣಿಯುತ್ತದೆ.

ಎರಡನೆಯದು ಲಾಗಿನ್. ಪುಸ್ತಕದಂಗಡಿಯ ಲೆಕ್ಕ ನೋಡುವ ಅಕ್ಕ ಫೋನ್ ಮಾಡಿ, "ಮೇಳದಲ್ಲಿ ಲಾಗಿನ್ ಆಗಿದ್ದೇನೆ, ಪಟ್ಟಿಯಿಂದ ಅಂಗಡಿಗೆ ಹೋದರೆ ಮತ್ತೆ ಪಾಸ್‌ವರ್ಡ್ ಕೇಳುತ್ತದಲ್ಲ" ಅಂದರು. ಮಲ್ಟಿಸೈಟಿನಲ್ಲಿ ಬಳಕೆದಾರರ ಖಾತೆ ಒಂದೇ ಆದರೂ ಲಾಗಿನ್ ನೆನಪಿಡಲು ಬ್ರೌಸರ್ ಇಟ್ಟುಕೊಳ್ಳುವ ಗುರುತು, ಅಂದರೆ ಕುಕಿ, ಡೊಮೈನಿಗೆ ಅಂಟಿಕೊಂಡಿರುತ್ತದೆ. ಉಪಡೊಮೈನುಗಳಾದರೆ ಹಂಚಿಕೊಳ್ಳಬಹುದಿತ್ತು. ಡಾಟ್ ಕಾಮ್‌ನ ಕುಕಿಯನ್ನು ಡಾಟ್ ಇನ್ ಓದಲಾರದು, ಓದಬಾರದು ಕೂಡ. ಅವರಿಗೆ ಮೂರೂ ಕಡೆ ಒಂದೊಂದು ಸಲ ಲಾಗಿನ್ ಆಗಲು ಹೇಳಿದೆ. ಪುಸ್ತಕದ ಬುಟ್ಟಿಯ ಕಥೆಯೂ ಅದೇ, ಅಂಗಡಿಯಲ್ಲಿ ಬುಟ್ಟಿಗೆ ಹಾಕಿದ್ದು ಮೇಳದ ಪುಟದಲ್ಲಿ ಕಾಣುವುದಿಲ್ಲ. ಪಟ್ಟಿಯಲ್ಲಿ ಬುಟ್ಟಿಯ ಚಿತ್ರ ಹಾಕಬೇಕೆಂಬ ಬೇಡಿಕೆಯನ್ನು ಅಲ್ಲಿಗೇ ಬಿಟ್ಟೆವು. ಸಂಗ್ರಹದ ತಾಣದಲ್ಲಂತೂ 'ಕುಕಿಗಳನ್ನು ತಡೆಯಲಾಗಿದೆ' ಅಂತ ಬಂದು ಲಾಗಿನ್ ಆಗಲೇ ಬಿಡಲಿಲ್ಲ. ವರ್ಡ್‌ಪ್ರೆಸ್‌ನ ಕಾನ್ಫಿಗ್ ಕಡತದಲ್ಲಿ ಕುಕಿ ಡೊಮೈನ್ ಅಂತ ಒಂದು ಸಾಲು ಮೇಳದ ಡೊಮೈನಿಗೇ ಕಟ್ಟಿಹಾಕಿತ್ತು. ಆ ಸಾಲು ತೆಗೆದದ್ದೇ ಸರಿಹೋಯಿತು. ನಿಮಗೂ ಇದೇ ಸಂದೇಶ ಬಂದರೆ ಬ್ರೌಸರಿನ ಸೆಟ್ಟಿಂಗ್ ಕೆದಕುವ ಮುನ್ನ ಅಲ್ಲಿ ನೋಡಿ.

ಆಮೇಲೆ ಅಂಕಿಸಂಖ್ಯೆ. ಪಟ್ಟಿ ಹಾಕಿದ ಮೇಲೆ ಓದುಗರ ಸಂಖ್ಯೆ ಏಕ್‌ದಂ ಏರಿತು ಅಂತ ಖಜಾಂಚಿಗಳು ಖುಷಿಪಟ್ಟರು. ಅದು ಏರಿದ್ದಲ್ಲ. ಮೇಳದಿಂದ ಅಂಗಡಿಗೆ ಹೋದ ಒಬ್ಬನನ್ನೇ ಗೂಗಲ್ ಅನಲಿಟಿಕ್ಸ್ ಇಬ್ಬರು ಅಂತ ಎಣಿಸುತ್ತಿತ್ತು, ಇಲ್ಲೂ ಕುಕಿಯದ್ದೇ ಕಾರಣ. ಸೆಟ್ಟಿಂಗಿನಲ್ಲಿ ಮೂರೂ ಡೊಮೈನುಗಳ ಹೆಸರು ಕೊಟ್ಟು, ಮೂರೂ ಕಡೆ ಒಂದೇ ಅಳತೆ ಸಂಖ್ಯೆ (ಮೆಷರ್‌ಮೆಂಟ್ ಐಡಿ) ಹಾಕಿದರೆ ಲಿಂಕಿನ ತುದಿಗೆ ಒಂದು ಗುರುತು ತಾನಾಗಿ ಸೇರಿ ಆಚೆ ದಾಟುತ್ತದೆ. ದಾರಿಯಲ್ಲಿ ರಿಡೈರೆಕ್ಟ್ ಆಗಿ ಆ ಗುರುತು ಉದುರಬಾರದು. ಹಾಗಾಗಿ ಮೆನುವಿನಲ್ಲಿ ಕೊನೆಗೆ ತಲುಪುವ ನಿಜವಾದ ವಿಳಾಸವನ್ನೇ ಕೊಡಿ. ಲೆಕ್ಕ ಸರಿಯಾದ ಮೇಲೆ ಸಂಖ್ಯೆ ಇಳಿಯಿತು. ಖಜಾಂಚಿಗಳಿಗೆ ಇದನ್ನು ವಿವರಿಸಿದ್ದು ಇಡೀ ಕೆಲಸದ ಕಷ್ಟದ ಭಾಗಗಳಲ್ಲೊಂದು.

ಸಂಗ್ರಹದ ಒಳಪುಟಗಳಿಗೆ ನೇರ ಲಿಂಕು ಕೊಡಲು ಹೊರಟಾಗ ಇನ್ನೊಂದು ಎದುರಾಯಿತು. ಪುಟಗಳ ವಿಳಾಸ ಕನ್ನಡದಲ್ಲೇ ಇತ್ತು, ನೋಡಲು ಚೆಂದ. ಆದರೆ ಕನ್ನಡದ ಒಂದೊಂದು ಚಿಹ್ನೆ 3 ಬೈಟ್, ವಿಳಾಸದಲ್ಲಿ ಒಂದು ಬೈಟಿಗೆ ಶೇಕಡಾ ಗುರುತು ಸೇರಿ 3 ಅಕ್ಷರ. 'ಯಕ್ಷಗಾನ' ಎಂಬ ಒಂದೇ ಪದಕ್ಕೆ, ಒತ್ತನ್ನೂ ದೀರ್ಘವನ್ನೂ ಎಣಿಸಿದರೆ, 63 ಅಕ್ಷರ. ವರ್ಡ್‌ಪ್ರೆಸ್ ಪುಟದ ವಿಳಾಸಕ್ಕೆ ಇಟ್ಟಿರುವ ಮಿತಿ 200. ಉದ್ದ ಶೀರ್ಷಿಕೆಗಳು ನಡುವೆಯೇ ಕತ್ತರಿಸಿಹೋಗಿದ್ದವು, ಒಂದೇ ಥರ ಶುರುವಾಗುವ ಶೀರ್ಷಿಕೆಗಳ ವಿಳಾಸಕ್ಕೆ ಕೊನೆಯಲ್ಲಿ 2, 3 ಅಂತ ಅಂಕಿ ಬಿದ್ದು ಯಾವುದು ಯಾವ ಪ್ರಸಂಗ ಎಂದೇ ತಿಳಿಯುತ್ತಿರಲಿಲ್ಲ. ಮೆನುವಿಗೆ ಬರುವ ಪುಟಗಳಿಗೆ ಮಾತ್ರ ಇಂಗ್ಲಿಷ್ ಅಕ್ಷರದ ಚಿಕ್ಕ ವಿಳಾಸ ಕೊಟ್ಟು ಹಳೆಯದರಿಂದ ರಿಡೈರೆಕ್ಟ್ ಹಾಕಿದೆವು. ಮನಸ್ಸಿಗೆ ಹಿಡಿಸಲಿಲ್ಲ, ಆದರೂ ಮಾಡಿದೆವು.

ಹೊಸ ಟ್ಯಾಬಿನಲ್ಲಿ ತೆರೆಯಬೇಕೋ ಇದ್ದಲ್ಲೇ ತೆರೆಯಬೇಕೋ ಎಂಬುದು ಸಮಿತಿಯಲ್ಲಿ ತಾಳಮದ್ದಲೆಯ ಸಂವಾದದಂತೆಯೇ ನಡೆಯಿತು. 'ಜನ ನಮ್ಮ ತಾಣ ಬಿಟ್ಟು ಹೋಗಬಾರದು' ಅಂತ ಒಬ್ಬರು, 'ಹೋಗುವುದೂ ನಮ್ಮ ತಾಣಕ್ಕೇ ಅಲ್ಲವೋ' ಅಂತ ಇನ್ನೊಬ್ಬರು. ನನ್ನ ಮತ ಇದ್ದಲ್ಲೇ ತೆರೆಯುವುದಕ್ಕೆ. ನಮ್ಮ ಓದುಗರಲ್ಲಿ ಹಿರಿಯರು ಹೆಚ್ಚು, ಫೋನಿನಲ್ಲಿ ಹಿಂದೆ ಹೋಗುವ ಗುಂಡಿ ಒತ್ತಿದರೆ ಹಿಂದೆ ಬರಬೇಕು. ಹೊಸ ಟ್ಯಾಬಿನಲ್ಲಿ ಅದು ಯಾವಾಗಲೂ ಬರುತ್ತದೆ ಅಂತ ಹೇಳಲಾಗದು. ಫೋನಿನ ಅಗಲಕ್ಕೆ ಹೆಸರುಗಳನ್ನೂ ಮೊಟಕು ಮಾಡಬೇಕಾಯಿತು: ಮೇಳ, ಪುಸ್ತಕ, ಧ್ವನಿ. ಈಗ ಯಾವ ತಾಣದಲ್ಲಿದ್ದೀರೋ ಆ ಹೆಸರಿಗೆ ಬಣ್ಣ ಬೇರೆ.

ಎಲ್ಲ ಸರಿ ಮಾಡಿದ ಮೇಲೂ ಅಧ್ಯಕ್ಷರ ಫೋನಿನಲ್ಲಿ ಹಳೆಯ ಪಟ್ಟಿಯೇ. ಕ್ಯಾಶ್, ಅಂದರೆ ಪುಟ ಬೇಗ ತೋರಿಸಲು ಉಳಿಸಿಟ್ಟ ಹಳೆಯ ಪ್ರತಿ. ಮೆನು ಬದಲಿಸಿದ ತಾಣದ ಕ್ಯಾಶ್ ಮಾತ್ರ ಪ್ಲಗಿನ್ ತಾನಾಗಿ ಖಾಲಿ ಮಾಡುತ್ತದೆ, ಉಳಿದ ಎರಡಕ್ಕೆ ಸುದ್ದಿಯೇ ಹೋಗುವುದಿಲ್ಲ. ಬದಲಿಸಿದಾಗಲೆಲ್ಲ ಮೂರರಲ್ಲೂ ಖಾಲಿ ಮಾಡಿ ಅಂತ ಕಚೇರಿಯ ಗೋಡೆಗೆ ಚೀಟಿ ಅಂಟಿಸಿದ್ದೇವೆ.

ಖರ್ಚಿನ ವಿಚಾರ ಕೇಳುವವರಿಗೆ: ಪಟ್ಟಿಗೆ, ಪ್ರಮಾಣಪತ್ರಕ್ಕೆ, ಕೋಡಿಗೆ ಒಂದು ಪೈಸೆ ಹೋಗಿಲ್ಲ. ಹೋದದ್ದು ಡೊಮೈನ್ ನವೀಕರಣಕ್ಕೆ, ಛಾಪಾ ಕಾಗದ ಮತ್ತು ನೋಟರಿಗೆ, ಸಹಿ ಹಾಕಿಸಲು ಟ್ರಸ್ಟಿಗಳ ಮನೆ ಮನೆ ಸುತ್ತಿದ ಪೆಟ್ರೋಲಿಗೆ. ಸರ್ವರ್ ಸೆಟ್ಟಿಂಗಿಗೆ ಬೆಂಗಳೂರಿನ ಪರಿಚಯದ ಹುಡುಗಿಯೊಬ್ಬಳು ಸಹಾಯ ಮಾಡಿದಳು, ದುಡ್ಡು ಬೇಡ ಅಂದಳು, ಒಂದು ಡಬ್ಬ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದೆವು.

ತಿರುಗಾಟದ ಮೊದಲ ವಾರದ ಪಟ್ಟಿ ಹಾಕುವ ಹೊತ್ತಿಗೆ ಎಲ್ಲ ಸರಿಯಾಗಿ ನಿಂತಿತ್ತು. ಉಳಿದಿರುವುದು ಎರಡು. ಗೂಗಲ್ ಹುಡುಕಾಟದಲ್ಲಿ ತಾಣ ಹೇಗೆ ಕಾಣುತ್ತದೆ ಅಂತ ತೋರಿಸುವ ಸರ್ಚ್ ಕನ್ಸೋಲಿನಲ್ಲಿ ಮೂರೂ ಡೊಮೈನುಗಳನ್ನು ಬೇರೆ ಬೇರೆಯಾಗಿ, ಡಿಎನ್‌ಎಸ್‌ನಲ್ಲಿ (ಡೊಮೈನಿನ ವಿಳಾಸ ದಾಖಲೆಗಳಲ್ಲಿ) ಒಂದೊಂದು ಟಿಎಕ್ಸ್‌ಟಿ, ಅಂದರೆ ಪಠ್ಯದ, ದಾಖಲೆ ಹಾಕಿ ದೃಢಪಡಿಸಬೇಕು. ಎರಡು ಆಗಿದೆ, ಡಾಟ್ ಇನ್ ಬಾಕಿ. ಆ ಖಾತೆಯ ಒಟಿಪಿ ಹೋಗುವುದು ಹಿಂದಿನ ಕಾರ್ಯದರ್ಶಿಗಳ ಫೋನಿಗೆ. ಅವರು ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದಾರೆ, ಬಂದ ಮೇಲೆ ನಂಬರು ಬದಲಿಸಬೇಕು. ಠರಾವಿನ ಪ್ರತಿ ಈ ಸಲ ಮೊದಲೇ ತೆಗೆದಿಟ್ಟಿದ್ದೇನೆ.